ಮೆಕ್ಸಿಕೋದ ಪಾಕಗ್ರಂಥವೂ ನಿತ್ಯದ ಒಲೆಯೂ

ಪುಸ್ತಕವನ್ನು ಓದಿ ಅದರ ಗುಣದೋಷಗಳನ್ನು ಹೇಳುವುದು ನನ್ನ ವೃತ್ತಿ. ಕಾವ್ಯವಾಗಲಿ, ಕಾದಂಬರಿಯಾಗಲಿ, ಎರಡು ಸಲ ಓದಿದ ಮೇಲೆ ಅಭಿಪ್ರಾಯ ಹೇಳಲು ನಾನು ಹಿಂಜರಿದವನಲ್ಲ. ಕಳೆದ ಬೇಸಗೆಯಲ್ಲಿ ನನ್ನ ಕೈಗೆ ಬಂದ ಒಂದು ಪುಸ್ತಕ ಮಾತ್ರ ಈ ಅಭ್ಯಾಸವನ್ನೇ ಪ್ರಶ್ನಿಸಿತು. ಅದು ಅಡಿಗೆಯ ಪುಸ್ತಕ. ಅದೂ ಮೆಕ್ಸಿಕೋ ದೇಶದ ಅಡಿಗೆಯದು.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಸಂಸಾರ ಹೂಡಿರುವ ನನ್ನ ತಂಗಿ ರಜೆಯಲ್ಲಿ ಊರಿಗೆ ಬಂದಾಗ ಅದನ್ನು ತಂದಿದ್ದಳು. ಜೊತೆಗೆ ಒಂದು ಪೊಟ್ಟಣದ ತುಂಬ ಕಪ್ಪುಗೆಂಪು ಬಣ್ಣದ, ಅಂಗೈಯಗಲದ ಒಣಮೆಣಸಿನಕಾಯಿ. ಆ ಊರಿನಲ್ಲಿ ಮೆಕ್ಸಿಕೋದವರು ಬಹಳ. ಅವರ ದಿನಸಿ ಅಂಗಡಿ ಅವಳ ಮನೆಗೆ ಹತ್ತಿರ, ನಮ್ಮವರದು ದೂರ. "ಅಣ್ಣಾ, ಊರಿಗೆಲ್ಲ ಪುಸ್ತಕ ಒಳ್ಳೆಯದು ಕೆಟ್ಟದ್ದು ಎಂದು ಹೇಳುತ್ತೀಯಲ್ಲ, ಇದನ್ನೂ ನೋಡಿ ಹೇಳು. ಕೆಲಸದಿಂದ ಸಂಜೆ ಆರಕ್ಕೆ ಮನೆ ಸೇರುವ ನನ್ನಂಥವಳಿಗೆ ಇದು ನಿತ್ಯದ ಅಡಿಗೆಗೆ ಆಗುತ್ತದೆಯೋ, ಕಪಾಟಿನಲ್ಲಿಡುವುದಕ್ಕೋ?" ಎಂದು ಕೇಳಿ, ಪುಸ್ತಕವನ್ನೂ ಮೆಣಸಿನಕಾಯಿಯನ್ನೂ ನನ್ನಲ್ಲಿಯೇ ಬಿಟ್ಟು ಹೋದಳು.

ಪುಸ್ತಕವನ್ನು ಬರೆದವರು ಡಯಾನಾ ಕೆನೆಡಿ. ಇವರು ಮೆಕ್ಸಿಕೋದವರಲ್ಲ, 1923ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಬಾತ್ಮೀದಾರರಾಗಿದ್ದ ಪಾಲ್ ಕೆನೆಡಿಯವರ ಕೈಹಿಡಿದು 1957ರಲ್ಲಿ ಮೆಕ್ಸಿಕೋ ಸೇರಿದರು. ಅಲ್ಲಿ ಇವರಿಗೆ ಗುರುಗಳಾದವರು ದೊಡ್ಡ ಹೋಟೆಲುಗಳ ಬಾಣಸಿಗರಲ್ಲ. ತಮ್ಮ ಮನೆಯಲ್ಲಿಯೂ ಸ್ನೇಹಿತರ ಮನೆಗಳಲ್ಲಿಯೂ ಕೆಲಸಕ್ಕಿದ್ದ ಹೆಂಗಸರನ್ನು ಕೇಳಿ, ಅವರ ಹಳ್ಳಿಗಳನ್ನು ಹುಡುಕಿಕೊಂಡು ಹೋಗಿ, ಒಲೆಯ ಮುಂದೆ ನಿಂತು ಕಲಿತರು. 1967ರಲ್ಲಿ ಪತಿ ತೀರಿಕೊಂಡರು. 1969ರಲ್ಲಿ ನ್ಯೂಯಾರ್ಕಿನಲ್ಲಿ ಪಾಕಪಾಠಗಳನ್ನು ಹೇಳತೊಡಗಿ, 1972ರಲ್ಲಿ ತಮ್ಮ ಮೊದಲ ಪುಸ್ತಕವನ್ನು ಪ್ರಕಟಿಸಿದರು. ಅದನ್ನೂ ಮುಂದಿನ ಎರಡು ಪುಸ್ತಕಗಳನ್ನೂ ಒಂದಾಗಿ ಕೂಡಿಸಿ 2000ದಲ್ಲಿ ಹೊರಬಂದ ಸಂಪುಟವೇ ನನ್ನ ಮುಂದಿದ್ದುದು. ಕೊನೆಯ ದಶಕಗಳನ್ನು ಮಿಚೊವಾಕಾನ್ ಪ್ರಾಂತದಲ್ಲಿ ಕಳೆದು, 2022ರಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು.

ಪುಸ್ತಕವನ್ನು ನಾನು ಎರಡು ಸಲ ಓದಿದೆ. ಓದುತ್ತ ನೆನಪಾದುದು ನಮ್ಮ ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಹದಿನಾರನೆಯ ಶತಮಾನದ ಆರಂಭದ ಆ ಅರಸು ಕವಿ ಪಾಕವಿದ್ಯೆಯನ್ನು ಷಟ್ಪದಿಯಲ್ಲಿ ಹೇಳಿದ. ಅವನ ಕಾಲಕ್ಕೆ ಮೆಣಸಿನಕಾಯಿ ನಮ್ಮ ಅಡಿಗೆಮನೆಗೆ ಇನ್ನೂ ಬಂದಿರಲಿಲ್ಲ, ಖಾರವೆಂದರೆ ಕರಿಮೆಣಸು. ಪೋರ್ಚುಗೀಸರ ಹಡಗುಗಳಲ್ಲಿ ಬಂದ ಈ ಅಮೆರಿಕದ ಅತಿಥಿಗೆ ನಮ್ಮವರು ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದು ಮನೆಯೊಳಗೆ ಕರೆದುಕೊಂಡರು. ಹಾಗೆ ನೋಡಿದರೆ ಮೆಕ್ಸಿಕೋದ ಪಾಕಗ್ರಂಥ ನಮಗೆ ಪೂರ್ತಿ ಪರಕೀಯವಲ್ಲ. ಈ ಎಲ್ಲವನ್ನೂ ಸೇರಿಸಿ, "ಗ್ರಂಥವು ಪಾಂಡಿತ್ಯಪೂರ್ಣವಾಗಿದೆ, ನಿತ್ಯೋಪಯೋಗಿಯೂ ಆಗಿದೆ" ಎಂದು ತಂಗಿಗೆ ಪತ್ರ ಬರೆದು ಮನೆಯಾಕೆಗೆ ಓದಿ ಹೇಳಿದೆ.

ಆಕೆ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆಯೇ ಕೇಳಿದಳು: "ಸೂಪಶಾಸ್ತ್ರವನ್ನು ಇಷ್ಟು ವರ್ಷ ಪಾಠ ಹೇಳಿದ್ದೀರಲ್ಲ, ಅದರಲ್ಲಿನ ಒಂದು ಪದಾರ್ಥವನ್ನಾದರೂ ಮಾಡಿದ್ದೀರಾ? ನಿತ್ಯಕ್ಕೆ ಆಗುತ್ತದೆಯೇ ಎಂದು ಕೇಳಿದರೆ ಮಾಡಿ ನೋಡಿ ಹೇಳಬೇಕು. ಭಾನುವಾರ ಅಡಿಗೆಮನೆ ನಿಮ್ಮದು."

ಪತ್ರವನ್ನು ಹರಿದು ಹಾಕಿದೆ.

ಮೊದಲ ಭಾನುವಾರ ಸುಲಭವಾದುದನ್ನೇ ಆರಿಸಿಕೊಂಡೆ: ಬೇಯಿಸಿದ ಕಾಳು, ಟೊಮೇಟೊ ಅನ್ನ, ಸುಟ್ಟ ಟೊಮೇಟೊ ಗೊಜ್ಜು. ಮೆಕ್ಸಿಕೋದ ಮನೆಗಳಲ್ಲಿ ಇವು ದಿನನಿತ್ಯದ ಊಟ. ಕಾಳಿಗೆ ಈರುಳ್ಳಿ ಹಾಕಿ, ನೀರು ಧಾರಾಳವಾಗಿಟ್ಟು, ನಿಧಾನವಾಗಿ ಬೇಯಿಸಬೇಕು; ಕಾಳು ಮೆತ್ತಗಾದ ಮೇಲೆ ಉಪ್ಪು. ಅವರು ಹಂದಿಯ ಕೊಬ್ಬು ಹಾಕುತ್ತಾರೆ. ನಾನು ಎಣ್ಣೆ ಹಾಕಿದೆ. ಅಂಗಡಿಯಲ್ಲಿ ಸಿಕ್ಕಿದ್ದು ರಾಜ್ಮಾ. ಅದರ ತವರೂ ಅಮೆರಿಕ ಖಂಡವೇ. ಅನ್ನಕ್ಕೆ, ನೆನೆಸಿ ಬಸಿದ ಅಕ್ಕಿಯನ್ನು ಎಣ್ಣೆಯಲ್ಲಿ ಹುರಿದು, ರುಬ್ಬಿದ ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಸುರಿದು, ಅದು ಇಂಗಿದ ಮೇಲೆ ನೀರಿಟ್ಟು, ಕೈಯಾಡಿಸದೆ ಬೇಯಿಸಬೇಕು. ಗೊಜ್ಜಿಗೆ ಟೊಮೇಟೊವನ್ನೂ ಹಸಿಮೆಣಸಿನಕಾಯಿಯನ್ನೂ ಕಾವಲಿಯ ಮೇಲೆ ಸಿಪ್ಪೆ ಕಪ್ಪಾಗುವಂತೆ ಸುಟ್ಟು, ಒರಳಿನಲ್ಲಿ ಒರಟಾಗಿ ಅರೆಯಬೇಕು. ಕಾವಲಿಗೆ ಅವರು ಕೊಮಾಲ್ ಎನ್ನುತ್ತಾರೆ. ಮೂರು ಕಾಲುಗಳ ಪುಟ್ಟ ಕಲ್ಲಿನ ಒರಳಿಗೆ ಮೊಲ್ಕಾಹೆತೆ ಎನ್ನುತ್ತಾರೆ. ಹೆಸರು ಬೇರೆ, ಕೆಲಸ ಒಂದೇ.

ಎರಡು ಗಂಟೆಯಲ್ಲಿ ಊಟ ಸಿದ್ಧವಾಯಿತು. ಅದರಲ್ಲಿ ಹೆಚ್ಚಿನ ಹೊತ್ತು ಕಾಳು ತಾನೇ ಬೆಂದದ್ದು. ಮಕ್ಕಳು ಎರಡನೆಯ ಸಲ ಬಡಿಸಿಕೊಂಡರು. ಉಳಿದ ಕಾಳು ಮರುದಿನ ಇನ್ನೂ ರುಚಿಯಾಗಿತ್ತು. ಹಳೆಯ ಪತ್ರವನ್ನು ಹರಿದದ್ದು ಅವಸರವಾಯಿತೇನೋ ಎಂದುಕೊಂಡೆ.

ಎರಡನೆಯ ಭಾನುವಾರ ಆ ಭ್ರಮೆ ಹರಿಯಿತು. ಅಂದು ಮಾಡಲು ಹೊರಟದ್ದು ಟೋರ್ಟಿಯಾ, ಎಂದರೆ ಅವರ ಜೋಳದ ರೊಟ್ಟಿ. ಮುಸುಕಿನ ಜೋಳದ ಹಿಟ್ಟು ತಂದು ನಾದಿದೆ. ತಟ್ಟಿದರೆ ಬಿರುಕು, ಎತ್ತಿದರೆ ಚೂರು. ತಪ್ಪು ಪುಸ್ತಕದ್ದಲ್ಲ, ಅವಸರದ ಓದುಗನದು. ಅವರ ಹಿಟ್ಟು ಬರಿಯ ಜೋಳದ ಹಿಟ್ಟಲ್ಲ. ಒಣಜೋಳವನ್ನು ಸುಣ್ಣದ ನೀರಿನಲ್ಲಿ ಸ್ವಲ್ಪ ಹೊತ್ತು ಕುದಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಗ್ಗೆ ಸಿಪ್ಪೆ ಹೋಗುವಂತೆ ತಿಕ್ಕಿ ತೊಳೆದು, ಒದ್ದೆಯಾಗಿಯೇ ಅರೆದ ಹಿಟ್ಟು ಅದು. ಆ ಸುಣ್ಣದಿಂದಲೇ ಹಿಟ್ಟಿಗೆ ಅಂಟು ಬರುತ್ತದೆ. ಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ಜೋಳವನ್ನು ಒಯ್ದು, ಈ ಸಂಸ್ಕಾರವನ್ನು ಅಲ್ಲಿಯೇ ಬಿಟ್ಟುಬಂದ ಯೂರೋಪಿನಲ್ಲಿ, ಜೋಳವನ್ನೇ ನಂಬಿದ್ದ ಬಡವರು ಪೆಲಾಗ್ರ ರೋಗಕ್ಕೆ ತುತ್ತಾದರು. ಎಲೆ ಅಡಿಕೆಯ ತಟ್ಟೆಯಲ್ಲಿ ಸುಣ್ಣವನ್ನು ಬಲ್ಲ ನಮಗೆ, ಅದು ಅನ್ನದ ಪಾತ್ರೆಯಲ್ಲಿಯೂ ಹೀಗೆ ಕೆಲಸ ಮಾಡೀತೆಂಬುದು ಹೊಸ ಸಂಗತಿ.

ಶಾಸ್ತ್ರೋಕ್ತವಾಗಿಯೇ ನೋಡಿಬಿಡೋಣವೆಂದು ಮುಂದಿನ ವಾರ ಜೋಳವನ್ನು ತಿನ್ನುವ ಸುಣ್ಣದಲ್ಲಿ ಬೇಯಿಸಿ, ನೆನೆಸಿ, ತೊಳೆದು, ಹಿತ್ತಿಲಿನ ರುಬ್ಬುಗುಂಡಿನ ಮುಂದೆ ಕುಳಿತೆ. ಅರ್ಧ ಗಂಟೆಗೆ ಭುಜ ನೋಯತೊಡಗಿತು. ಒಂದೂಕಾಲು ಗಂಟೆಗೆ ಎಂಟು ರೊಟ್ಟಿಗಾಗುವಷ್ಟು ಹಿಟ್ಟಾಯಿತು. ರೊಟ್ಟಿ ಚೆನ್ನಾಗಿಯೇ ಬಂತು. ಕಾವಲಿಯ ಮೇಲೆ ಉಬ್ಬಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಕೈಯೆತ್ತಲಾಗಲಿಲ್ಲ.

ಅಂದು ಮೆತಾತೆ ಎಂಬ ಅವರ ಅರೆಯುವ ಕಲ್ಲಿನ ಕಥೆ ನನಗೆ ಅರ್ಥವಾಯಿತು. ಮೆಕ್ಸಿಕೋದ ಹಳ್ಳಿಯ ಹೆಂಗಸರು ಶತಮಾನಗಳ ಕಾಲ ನಸುಕಿನಲ್ಲೆದ್ದು, ಆ ಇಳಿಜಾರು ಕಲ್ಲಿನ ಮುಂದೆ ಮೊಣಕಾಲೂರಿ, ದಿನಕ್ಕೆ ನಾಲ್ಕೈದು ಗಂಟೆ ಜೋಳ ಅರೆದರು. ಇಪ್ಪತ್ತನೆಯ ಶತಮಾನದಲ್ಲಿ ಹಿಟ್ಟಿನ ಯಂತ್ರಗಳು ಊರೂರಿಗೆ ಬಂದವು. 1930ರ ದಶಕದಲ್ಲಿ ಕಾರ್ದೆನಾಸ್ ಅಧ್ಯಕ್ಷರಾಗಿದ್ದಾಗ ಸರ್ಕಾರವೇ ಹೆಂಗಸರ ಸಂಘಗಳಿಗೆ ಯಂತ್ರಗಳನ್ನು ಕೊಡಿಸಿತು. ಯಂತ್ರದ ಹಿಟ್ಟಿಗೆ ರುಚಿಯಿಲ್ಲವೆಂದು ಗೊಣಗಿದ ಗಂಡಸರು ಅಲ್ಲಿಯೂ ಇದ್ದರು. ರುಚಿಯ ಮಾತನ್ನು ಆಡಿದವರು ಅವರು. ಕಲ್ಲಿನ ಮುಂದೆ ಕುಳಿತವರು ಬೇರೆಯವರು. ಈ ಮಾತು ನನಗೂ ತಟ್ಟಿತು. ಮಿಕ್ಸಿಯಲ್ಲಿ ರುಬ್ಬಿದ ಚಟ್ನಿಗೆ ಹಳೆಯ ರುಚಿಯಿಲ್ಲವೆಂದು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ!

ಇದೇ ಪಾಕಗ್ರಂಥಕ್ಕೆ ಹಿಡಿಯಬೇಕಾದ ಒರೆಗಲ್ಲು. ಪಾಕ ಅಪ್ಪಟವೇ ಎಂದು ಕೇಳಿದರೆ ಸಾಲದು. ಆ ಅಪ್ಪಟತನದ ಬೆಲೆಯನ್ನು ತೆರುವವರು ಯಾರು ಎಂದೂ ಕೇಳಬೇಕು. ಕೆನೆಡಿಯವರು ಬಹಳ ಕಟ್ಟುನಿಟ್ಟಿನ ಲೇಖಕಿ. ಇಂಥ ಮೆಣಸಿನಕಾಯಿಯೇ, ಇಂಥ ಸೊಪ್ಪೇ ಆಗಬೇಕೆನ್ನುತ್ತಾರೆ. ಆದರೆ ರುಬ್ಬಲು ಯಂತ್ರವನ್ನು ಬೇಡವೆಂದವರಲ್ಲ. ತಾವೇ ಒಲೆಯ ಮುಂದೆ ನಿಂತು ಬರೆದವರಿಗೆ ಯಾವ ಶ್ರಮ ರುಚಿಗೆ ಬೇಕು, ಯಾವುದು ಬೇಡವೆಂಬುದು ಗೊತ್ತಿರುತ್ತದೆ.

ತಂಗಿ ತಂದ ಮೆಣಸಿನಕಾಯಿ ಮೋಲೆ ಎಂಬ ವ್ಯಂಜನದ್ದು. ಪ್ವೇಬ್ಲಾ ನಗರದ ಮೋಲೆಗೆ ಮೂರು ನಾಲ್ಕು ಬಗೆಯ ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಚಕ್ಕೆ, ಲವಂಗ, ಒಣದ್ರಾಕ್ಷಿ, ಕೊನೆಗೆ ತುಸು ಚಾಕೊಲೇಟು. ಒಂದೊಂದನ್ನೂ ಬೇರೆಬೇರೆಯಾಗಿ ಹುರಿದು ಅರೆಯಬೇಕು. ಮೆಣಸಿನಕಾಯಿ ಒಂದು ಕ್ಷಣ ಹೆಚ್ಚು ಹುರಿದರೆ ಎಲ್ಲವೂ ಕಹಿ. ನಾನು ಅದಕ್ಕೆ ಕೈಹಾಕಲಿಲ್ಲ. ಅದು ಮದುವೆ ಹಬ್ಬಗಳ ಅಡಿಗೆ. ಅಲ್ಲಿಯವರೇ ಎಷ್ಟೋ ಮಂದಿ ಅದರ ಮುದ್ದೆಯನ್ನು ಸಂತೆಯಲ್ಲಿ ಕೊಳ್ಳುತ್ತಾರೆ. ನಾವು ದಿನವೂ ಒಬ್ಬಟ್ಟು ತಟ್ಟುತ್ತೇವೆಯೆ? ಪುಸ್ತಕದ ದೊಡ್ಡ ಕೊರತೆ ಇದೇ: ಹಬ್ಬದ್ದೂ ವಾರದ್ದೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಬೇರ್ಪಡಿಸಿಕೊಳ್ಳುವ ಹೊಣೆ ಓದುವವರದು. ಮಾಂಸದ ಪಾಕಗಳು ಬಹಳವಾದ್ದರಿಂದ ಶಾಕಾಹಾರಿಗಳಿಗೆ ಪುಸ್ತಕದ ಒಂದು ಭಾಗ ಮಾತ್ರ ಉಪಯೋಗ.

ತಂಗಿಗೆ ಹೊಸ ಪತ್ರ ಬರೆದೆ. "ಕಾಳು, ಅನ್ನ, ಗೊಜ್ಜುಗಳ ಪುಟಗಳಿಗೆ ಗುರುತಿಟ್ಟಿದ್ದೇನೆ. ಅವು ನಿನ್ನ ಸಂಜೆಗೆ ಹೇಳಿ ಮಾಡಿಸಿದಂಥವು. ಸುಣ್ಣದ ಜೋಳದ ಸಿದ್ಧ ಹಿಟ್ಟು ನಿಮ್ಮ ಅಂಗಡಿಯಲ್ಲಿಯೇ ದೊರೆಯುತ್ತದೆ, ಸಂಕೋಚವಿಲ್ಲದೆ ಕೊಂಡುಕೋ. ಮೋಲೆಯನ್ನು ವರ್ಷಕ್ಕೊಮ್ಮೆ, ಮನೆಮಂದಿಯೆಲ್ಲ ಕೈಹಚ್ಚುವ ದಿನ ಮಾಡು. ಪುಸ್ತಕವನ್ನು ಕಪಾಟಿನಲ್ಲಿಡಬೇಡ, ಒಲೆಯ ಪಕ್ಕದಲ್ಲಿಡು."

ಬರೆದು ಮುಗಿಸಿದಾಗ ಮತ್ತೊಂದು ಮಾತು ಮನಸ್ಸಿಗೆ ಬಂತು. ಬೇರೆ ದೇಶದ ಹೆಂಗಸೊಬ್ಬಳು ಹಳ್ಳಿಹಳ್ಳಿ ಅಲೆದು, ಪುಸ್ತಕ ಬರೆಯದ ಅಡಿಗೆಯವರ ವಿದ್ಯೆಯನ್ನು ಅಳತೆ ಸಹಿತ ಉಳಿಸಿದಳು. ನಮ್ಮ ತಾಯಿಯ ಹುಳಿಪುಡಿಯ ಅಳತೆಯನ್ನು ನಾನು ಒಂದು ದಿನವೂ ಕೇಳಲಿಲ್ಲ. ಎಂ.ಎ. ಓದಿದ ಮಗ ಹಸ್ತಪ್ರತಿಗಳ ಪಾಠಾಂತರಗಳನ್ನು ಹುಡುಕುತ್ತಿದ್ದ. ಮನೆಯ ಗ್ರಂಥ ಒಲೆಯ ಮುಂದೆಯೇ ಇತ್ತು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ತಂಗಿ ಎರಡು ಮೂರು ಸಲ ಕೇಳಿದ್ದಳು. "ಕೈಯಳತೆ, ಬರೆಯಲಾಗದು" ಎಂದು ನಾನೇ ಹೇಳಿಬಿಟ್ಟಿದ್ದೆ.

ಮನೆಯಾಕೆ ಅತ್ತೆಯಿಂದ ಕಲಿತವಳು. ನಾಲ್ಕನೆಯ ಭಾನುವಾರ ಆಕೆ ಹುಳಿಪುಡಿಗೆ ಹುರಿಯಲು ಕುಳಿತಾಗ ನಾನು ತಕ್ಕಡಿ ಹಿಡಿದು ಪಕ್ಕದಲ್ಲಿ ಕುಳಿತೆ. ಕೊತ್ತಂಬರಿ ಬೀಜದ ಒಂದು ಹಿಡಿ, ಮೆಂತ್ಯದ ಒಂದು ಚಿಟಿಕೆ, ಎಲ್ಲವೂ ಬಾಣಲೆಗೆ ಬೀಳುವ ಮುನ್ನ ತಕ್ಕಡಿಗೆ ಬಂದವು. "ಕೈ ಸುಟ್ಟುಕೊಂಡೀರಿ, ಸರಿಯಿರಿ" ಎಂದು ಎರಡು ಸಲ ಗದರಿಸಿಕೊಂಡೆ. ಒಂದು ಪುಟವಾಯಿತು. ಅದನ್ನು ತಂಗಿಯ ಪತ್ರದೊಂದಿಗೆ ಸೇರಿಸಿ ಅಂಚೆಗೆ ಹಾಕಿದ್ದೇನೆ.