ಗದ್ದೆಯಿಲ್ಲದ ಊರಿನಲ್ಲಿ ತೆನೆ ಹಬ್ಬ

ಸೆಪ್ಟೆಂಬರ್ 8ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಕೊಂಡಾಡುತ್ತದೆ. ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬದಿಂದ ಎಣಿಸಿದರೆ ಸರಿಯಾಗಿ ಒಂಬತ್ತು ತಿಂಗಳು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಸುತ್ತ ಅಂದು ಕಾವಿ ಸೀರೆಯುಟ್ಟ ಭಕ್ತರ ಸಾಗರ. ಕರಾವಳಿಯ ಕಥೋಲಿಕರಿಗೆ ಅದೇ ದಿನ ಮೊಂತಿ ಹಬ್ಬ, ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಫಾದರ್ ಜೊವಾಕಿಂ ಮಿರಾಂದಾರವರು 1763ರಲ್ಲಿ ಈ ಆಚರಣೆಯನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. 'ಮೊಂತೆ' ಎಂದರೆ ಬೆಟ್ಟ. ಅದೇ ಬಾಯಿಂದ ಬಾಯಿಗೆ ಹೋಗಿ 'ಮೊಂತಿ' ಆಯಿತು.

ಆಚರಣೆ ನಮಗೆಲ್ಲ ಗೊತ್ತಿರುವುದೇ. ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬಂದು ಬಾಲಮರಿಯಮ್ಮನವರಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ, ಮನೆಗೊಂದೊಂದು ತೆನೆ ಕೊಡುತ್ತಾರೆ. ಮಕ್ಕಳಿಗೆ ಕಬ್ಬು ಸಿಗುತ್ತದೆ. ಮನೆಯಲ್ಲಿ ಹಿರಿಯರು ಪ್ರಾರ್ಥನೆ ಹೇಳಿ, ತೆನೆಯ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಊಟ. ಮೀನು ಮಾಂಸವಿಲ್ಲದ ಊಟವನ್ನು ನಮ್ಮ ಮನೆಗಳಲ್ಲಿ ಇಷ್ಟು ಸಂತೋಷದಿಂದ ಉಣ್ಣುವ ದಿನ ವರ್ಷದಲ್ಲಿ ಇನ್ನೊಂದಿಲ್ಲ!

ಆದರೆ ಆ ತೆನೆ ಎಲ್ಲಿಂದ ಬಂತು? ಒಂದು ಕಾಲಕ್ಕೆ ಅದು ಮನೆಯ ಗದ್ದೆಯದೇ. ಇಂದು ನಮ್ಮಲ್ಲಿ ಅನೇಕರು ಬೆಂಗಳೂರು, ಮುಂಬಯಿ, ದುಬೈಗಳಲ್ಲಿದ್ದೇವೆ. ಊರಿನಲ್ಲಿಯೂ ಗದ್ದೆ ಮಾರಿದ್ದೇವೆ, ಇಲ್ಲವೆ ಅಡಿಕೆ ಹಾಕಿದ್ದೇವೆ. ನಗರದ ಧರ್ಮಕೇಂದ್ರಕ್ಕೆ ತೆನೆಯ ಕಟ್ಟು ರಾತ್ರಿ ಬಸ್ಸಿನಲ್ಲಿ ಬರುತ್ತದೆ. ನಾವು ಬಿತ್ತದ, ನೆಡದ, ನೀರು ಕಟ್ಟದ ಬೆಳೆಯನ್ನು 'ನಮ್ಮ ದುಡಿಮೆಯ ಪ್ರಥಮ ಫಲ' ಎಂದು ದೇವರಿಗೆ ಅರ್ಪಿಸುವುದರಲ್ಲಿ ಏನರ್ಥ? ಮಕ್ಕಳು ಕೇಳುವ ಈ ಪ್ರಶ್ನೆಯನ್ನು ತಳ್ಳಿಹಾಕಬಾರದು.

ಉತ್ತರ ಹುಡುಕಲು ಪವಿತ್ರ ಗ್ರಂಥಕ್ಕೆ ಹೋಗೋಣ. ಇಸ್ರಯೇಲರು ಬೆಳೆಯ ಮೊದಲ ಸಿವುಡನ್ನು ಯಾಜಕನ ಬಳಿಗೆ ತರಬೇಕು, ಸಬ್ಬತ್ತಿನ ಮರುದಿನ ಅವನು ಅದನ್ನು ದೇವರ ಮುಂದೆ ಎತ್ತಿ ಆಡಿಸಬೇಕು, ಅಲ್ಲಿಯವರೆಗೆ ಹೊಸ ಧಾನ್ಯವನ್ನು ಯಾರೂ ತಿನ್ನುವಂತಿಲ್ಲ ಎನ್ನುತ್ತದೆ ಯಾಜಕಕಾಂಡದ 23ನೇ ಅಧ್ಯಾಯ. ಒಂದು ಸಿವುಡನ್ನು ಕೊಟ್ಟರೆ ಇಡೀ ಹೊಲವನ್ನೇ ದೇವರದೆಂದು ಒಪ್ಪಿಕೊಂಡಂತೆ. ಅದೇ ಅಧ್ಯಾಯ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಹೊಲದ ಅಂಚಿನವರೆಗೆ ಕೊಯ್ಯಬೇಡಿ, ಉದುರಿದ್ದನ್ನು ಆಯಬೇಡಿ, ಅದು ಬಡವರದು, ಪರದೇಶಿಯದು.

ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಇನ್ನೂ ಸ್ವಾರಸ್ಯಕರ. ಪ್ರಥಮ ಫಲದ ಬುಟ್ಟಿ ತಂದವನು 'ನಾನು ಇಷ್ಟು ಬೆಳೆದೆ' ಎಂದು ಹೇಳುವುದಿಲ್ಲ. ತನ್ನ ಪೂರ್ವಜ ಅಲೆಮಾರಿಯಾಗಿದ್ದನು, ಈಜಿಪ್ಟಿಗೆ ಹೋಗಿ ಪರದೇಶಿಯಾಗಿ ಬಾಳಿದನು ಎಂದು ಆರಂಭಿಸುತ್ತಾನೆ. ಅಂದರೆ ತೆನೆ ಹಬ್ಬದ ಪ್ರಾರ್ಥನೆ ಮೊದಲಿನಿಂದಲೂ ವಲಸೆಯ ಕಥೆಯೇ. ಊರು ಬಿಟ್ಟು ಬಂದ ಕುಟುಂಬ ಹಬ್ಬದ ಊಟಕ್ಕೆ ಮುನ್ನ ಅಜ್ಜ ಅಜ್ಜಿಯರ ಹೆಸರು ಹೇಳಿ, ಅವರ ಗದ್ದೆ ಎಲ್ಲಿತ್ತು, ಏಕೆ ಬಿಟ್ಟುಬಂದೆವು ಎಂದು ಮಕ್ಕಳಿಗೆ ತಿಳಿಸಿದರೆ ಅದು ಗ್ರಂಥಕ್ಕೆ ಒಪ್ಪುವ ಪ್ರಾರ್ಥನೆಯೇ ಆಗುತ್ತದೆ. ಅಧ್ಯಾಯ ಮುಂದುವರಿದು, ನಿಮ್ಮ ನಡುವೆ ಇರುವ ಪರದೇಶಿಯೂ ನಿಮ್ಮೊಂದಿಗೆ ಸಂತೋಷಪಡಲಿ ಎನ್ನುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರು, ಕಾವಲು ಕಾಯುವವರು ಬಹುಪಾಲು ದೂರದ ರಾಜ್ಯಗಳ ರೈತರ ಮಕ್ಕಳು. ಭತ್ತದ ವಿಷಯ ನಮ್ಮ ಮಕ್ಕಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹಬ್ಬದ ಬಾಳೆಲೆ ಅವರಿಗೂ ಒಂದು ಬೀಳುತ್ತದೆಯೇ?

ಇಲ್ಲಿ ಒಂದು ಮಾತು. ಹಳ್ಳಿ ಪುಣ್ಯಭೂಮಿ, ನಗರ ಪಾಪದ ಕೂಪ ಎಂಬ ಪ್ರಬೋಧನೆಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಪವಿತ್ರ ಗ್ರಂಥ ಅಷ್ಟು ಸುಲಭವಾಗಿ ಹಾಗೆ ಹೇಳುವುದಿಲ್ಲ. ಮೊದಲ ನಗರ ಕಟ್ಟಿದವನು ಕಾಯಿನ ಎಂಬುದು ನಿಜ. ಆದರೆ ಅವನು ಮೊದಲು ರೈತ; ತಮ್ಮನ ರಕ್ತ ಸುರಿಸಿದ್ದು ಹೊಲದಲ್ಲಿ. ಸೆರೆಯಾಗಿ ಬಾಬಿಲೋನಿಗೆ ಹೋದ ಜನರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ ಮನೆ ಕಟ್ಟಿ, ತೋಟ ಮಾಡಿ, ಆ ನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂಬ ಸಲಹೆ ಇದೆ. ಶತ್ರುವಿನ ನಗರಕ್ಕೇ ಈ ಮಾತು!

ಬೈಬಲ್ ತೋಟದಲ್ಲಿ ಆರಂಭವಾಗಿ ನಗರದಲ್ಲಿ ಮುಗಿಯುತ್ತದೆ. ಪ್ರಕಟನಾ ಗ್ರಂಥದ ಕೊನೆಯ ಎರಡು ಅಧ್ಯಾಯಗಳಲ್ಲಿ ಹೊಸ ಜೆರುಸಲೇಮ್ ಸ್ವರ್ಗದಿಂದ ಕೆಳಗೆ ಇಳಿದು ಬರುತ್ತದೆ. ನಾವು ಭೂಮಿಯನ್ನು ಬಿಟ್ಟು ಮೇಲಕ್ಕೆ ಹಾರಿಹೋಗುವ ಚಿತ್ರವಲ್ಲ ಅದು. ಆ ನಗರದ ಉದ್ದ, ಅಗಲ, ಎತ್ತರ ಮೂರೂ ಸಮ. ಒಂದೊಂದೂ ಸುಮಾರು 2,200 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಯ ರಸ್ತೆಯಷ್ಟು. ಸೊಲೊಮೋನನ ದೇವಾಲಯದ ಗರ್ಭಗುಡಿಯೂ ಹೀಗೆಯೇ ಮೂರೂ ಕಡೆ ಸಮವಾಗಿತ್ತು. ಹೊಸ ನಗರದಲ್ಲಿ ಬೇರೆ ದೇವಾಲಯವಿಲ್ಲ, ಇಡೀ ನಗರವೇ ಗರ್ಭಗುಡಿ. ಹನ್ನೆರಡು ಬಾಗಿಲುಗಳು, ಯಾವುದೂ ಮುಚ್ಚುವುದಿಲ್ಲ. ನಡುಬೀದಿಯಲ್ಲಿ ಜೀವಜಲದ ನದಿ, ದಡದಲ್ಲಿ ತಿಂಗಳಿಗೊಮ್ಮೆ ಫಲ ಕೊಡುವ ಮರ. ಅದರ ಎಲೆಗಳು ಜನಾಂಗಗಳಿಗೆ ಔಷಧಿ. ಏದೆನಿನ ತೋಟ ಕಳೆದುಹೋಗಿಲ್ಲ, ನಗರದ ಒಳಗೆ ಬಂದಿದೆ.

ನಮ್ಮ ನಗರವನ್ನು ಅದರ ಪಕ್ಕದಲ್ಲಿಟ್ಟು ನೋಡೋಣ. ಬೆಂಗಳೂರಿನಲ್ಲಿ ತುಂಬಿ ಹರಿಯುವ ದೊಡ್ಡ ನದಿಯಿಲ್ಲ. ಹಿರಿಯರು ಕೆರೆ ಕಟ್ಟಿದರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಬೆಳ್ಳಂದೂರು ಕೆರೆಯ ನೊರೆಗೂ ಬೆಂಕಿಗೂ ಹೆಸರಾಯಿತು. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ಎತ್ತಿ ತರುತ್ತೇವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದವು. ದೇವರ ನಗರದಲ್ಲಿ ನದಿಗೆ ನಡುಬೀದಿಯ ಸ್ಥಾನ; ನಮ್ಮಲ್ಲಿ ಅದು ಚರಂಡಿ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಪ್ರಕಟಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಕಾಡು, ಸಮುದ್ರಗಳ ಜೊತೆಗೆ ನಗರದ ವಸತಿ, ಬಸ್ಸು, ನೆರೆಹೊರೆಗಳ ಬಗ್ಗೆಯೂ ಬರೆದಿರುವುದು ಇದಕ್ಕಾಗಿಯೇ.

ಹಾಗಾದರೆ ಸ್ವರ್ಗದ ನಿರೀಕ್ಷೆಗೂ ಕೈಯಲ್ಲಿರುವ ತೆನೆಗೂ ಏನು ಸಂಬಂಧ? ಸತ್ತವರೊಳಗಿಂದ ಎದ್ದ ಕ್ರಿಸ್ತರನ್ನು ಸಂತ ಪೌಲರು ಪ್ರಥಮ ಫಲ ಎಂದು ಕರೆಯುತ್ತಾರೆ (1 ಕೊರಿಂಥ 15:20). ಸಿವುಡನ್ನು ಎತ್ತಿ ಅರ್ಪಿಸುತ್ತಿದ್ದುದು ಸಬ್ಬತ್ತಿನ ಮರುದಿನ. ಪ್ರಭು ಎದ್ದುದೂ ಸಬ್ಬತ್ತಿನ ಮರುದಿನವೇ. ರೈತನಿಗೆ ಮೊದಲ ತೆನೆ ಎಂದರೆ ಉಳಿದ ಬೆಳೆಯೂ ಬರುತ್ತದೆ ಎಂಬ ಖಾತರಿ. ಅದೇ ಹೊಲ, ಅದೇ ಬೀಜ, ಅದೇ ಮಳೆ. ಕ್ರಿಸ್ತರು ಮೊದಲ ತೆನೆಯಾದರೆ ನಾವು, ನಮ್ಮನ್ನು ಅಗಲಿದವರು, ಅದೇ ಹೊಲದಲ್ಲಿ ಇನ್ನೂ ನಿಂತಿರುವ ಪೈರು. ಮಾತೆ ಮರಿಯಮ್ಮನವರನ್ನು ದೇಹಾತ್ಮ ಸಹಿತ ಸ್ವರ್ಗಕ್ಕೆ ಸ್ವೀಕರಿಸಲಾಯಿತೆಂದು ನಂಬುವ ನಮಗೆ ಈ ಮಾತು ಹೊಸದೇನಲ್ಲ. ಆ ಹಬ್ಬ ಮುಗಿದು ನಾಲ್ಕು ವಾರವಾಗುವುದರೊಳಗೆ ತೆನೆ ಹಬ್ಬಕ್ಕೆ ಕೂರುತ್ತೇವೆ. ಸಂತ ಪೌಲರು ಅಲ್ಲಿಗೇ ನಿಲ್ಲುವುದಿಲ್ಲ. ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಾ ಇದೇ ಬಿಡುಗಡೆಗೆ ಕಾಯುತ್ತಿದೆ ಎಂದು ರೋಮನರಿಗೆ ಬರೆಯುತ್ತಾರೆ. ಹೊಳೆ, ಕೆರೆ, ಗದ್ದೆಗಳೂ ಆ ಸುಗ್ಗಿಯ ಪಾಲುದಾರರು.

ತೆನೆಯ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ದೂರ ದೇಶದಲ್ಲಿರುವ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸುವ ತಾಯಂದಿರು ನಮ್ಮಲ್ಲಿ ಈಗಲೂ ಇದ್ದಾರೆ. ಅದು ತಲಪುವ ಹೊತ್ತಿಗೆ ಹಬ್ಬ ಮುಗಿದು ಎಷ್ಟೋ ದಿನಗಳಾಗಿರುತ್ತವೆ. ಆದರೂ ಆ ಕಾಳು ಕೈಗೆ ಬಂದ ದಿನ, ಅಲ್ಲಿನ ಫ್ಲ್ಯಾಟಿನಲ್ಲಿ ಹಾಲು ಕಾಯಿಸುತ್ತಾರೆ.