ರಕ್ತದ ಮಾದರಿಯ ಸ್ವಯಂಚಾಲಿತ ಪರೀಕ್ಷೆ: ಯಂತ್ರಗಳ ಕಾರ್ಯವಿಧಾನ ಮತ್ತು ವರದಿಯ ಅರ್ಥ

ಪೀಠಿಕೆ

ಮಳೆಗಾಲದಲ್ಲಿ ಡೆಂಗೀ ಜ್ವರದ ಪ್ರಕರಣಗಳು ಹೆಚ್ಚಿದಾಗ ರೋಗಿಯ ಮನೆಯವರು ಮೊದಲು ವಿಚಾರಿಸುವುದು ಪ್ಲೇಟ್‌ಲೆಟ್ ಸಂಖ್ಯೆಯನ್ನು. ಬೆಳಿಗ್ಗೆ ಒಂದು ಸಂಖ್ಯೆ, ಸಂಜೆ ಮತ್ತೊಂದು ಸಂಖ್ಯೆ ಬಂದಾಗ ಆತಂಕ ಉಂಟಾಗುವುದು ಸಹಜ. ಇಂದು ಬಹುತೇಕ ಪ್ರಯೋಗಾಲಯಗಳಲ್ಲಿ ಈ ಎಣಿಕೆಯನ್ನು ಸ್ವಯಂಚಾಲಿತ ಯಂತ್ರಗಳು ಮಾಡುತ್ತವೆ. ಈ ಯಂತ್ರಗಳು ಹೇಗೆ ರೂಪುಗೊಂಡವು, ಯಾವ ತತ್ತ್ವದ ಮೇಲೆ ಕೆಲಸ ಮಾಡುತ್ತವೆ ಮತ್ತು ಯಾವ ಸಂದರ್ಭಗಳಲ್ಲಿ ಅವು ನೀಡುವ ಸಂಖ್ಯೆಯನ್ನು ಮರುಪರಿಶೀಲಿಸಬೇಕಾಗುತ್ತದೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಯಂತ್ರಗಳಿಗೆ ಮುಂಚಿನ ಕ್ರಮ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ರಕ್ತಕಣಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಕಣ್ಣಿನಿಂದಲೇ ಎಣಿಸಲಾಗುತ್ತಿತ್ತು. ರಕ್ತವನ್ನು ನಿಗದಿತ ಪ್ರಮಾಣದಲ್ಲಿ, ಕೆಂಪು ರಕ್ತಕಣಗಳ ಎಣಿಕೆಗಾದರೆ ಸಾಮಾನ್ಯವಾಗಿ 200 ಪಟ್ಟು, ದ್ರಾವಣದಲ್ಲಿ ತೆಳುಗೊಳಿಸಿ, ಚೌಕಗಳನ್ನು ಕೊರೆದ ಗಾಜಿನ ಫಲಕದ ಮೇಲೆ ಹಾಕಿ, ಗೊತ್ತುಪಡಿಸಿದ ಚೌಕಗಳಲ್ಲಿರುವ ಕಣಗಳನ್ನು ಎಣಿಸಿ ಒಟ್ಟು ಸಂಖ್ಯೆಯನ್ನು ಲೆಕ್ಕ ಹಾಕಲಾಗುತ್ತಿತ್ತು. ಇಂದಿಗೂ ಅಗತ್ಯವಿದ್ದಲ್ಲಿ ಈ ಕ್ರಮವನ್ನು ಬಳಸಲಾಗುತ್ತದೆ.

ಈ ಕ್ರಮದಲ್ಲಿ ಎರಡು ತೊಂದರೆಗಳಿದ್ದವು. ಮೊದಲನೆಯದು ಶ್ರಮ. ದಿನವಿಡೀ ಎಣಿಸುವ ತಂತ್ರಜ್ಞರ ಕಣ್ಣು ದಣಿಯುತ್ತದೆ, ಎಣಿಕೆ ತಪ್ಪುತ್ತದೆ. ಎರಡನೆಯದು ಗಣಿತಕ್ಕೆ ಸಂಬಂಧಿಸಿದ್ದು. 400 ಕಣಗಳನ್ನು ಎಣಿಸಿದಾಗ ಕೇವಲ ಆಕಸ್ಮಿಕ ಹಂಚಿಕೆಯ ಕಾರಣದಿಂದಲೇ ಆ ಸಂಖ್ಯೆ ಸುಮಾರು 20ರಷ್ಟು, ಅಂದರೆ ಶೇಕಡ 5ರಷ್ಟು, ಹೆಚ್ಚು ಕಡಿಮೆ ಆಗುತ್ತದೆ. ಎಣಿಸುವವರು ಎಷ್ಟೇ ಎಚ್ಚರದಿಂದಿದ್ದರೂ ಇದನ್ನು ತಪ್ಪಿಸಲಾಗದು. 40,000 ಕಣಗಳನ್ನು ಎಣಿಸಿದರೆ ಈ ಏರಿಳಿತ ಶೇಕಡ ಅರ್ಧಕ್ಕೆ ಇಳಿಯುತ್ತದೆ. ಆದರೆ ಪ್ರತಿ ರೋಗಿಗೂ ಅಷ್ಟು ಕಣಗಳನ್ನು ಕೈಯಿಂದ ಎಣಿಸುವುದು ಸಾಧ್ಯವಿರಲಿಲ್ಲ.

ಕೌಲ್ಟರ್ ತತ್ತ್ವ

ಈ ಸಮಸ್ಯೆಗೆ ಪರಿಹಾರ ಕಂಡುಹಿಡಿದವರು ಅಮೆರಿಕದ ವಾಲೇಸ್ ಎಚ್. ಕೌಲ್ಟರ್ (1913–1998). ಷಿಕಾಗೋ ನಗರದಲ್ಲಿ ಪ್ರಯೋಗಗಳನ್ನು ನಡೆಸಿದ ಅವರು 1949ರಲ್ಲಿ ಸಲ್ಲಿಸಿದ ಅರ್ಜಿಯ ಮೇರೆಗೆ 1953ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಪಡೆದರು. ಯಂತ್ರವನ್ನು ಅಭಿವೃದ್ಧಿಪಡಿಸುವಲ್ಲಿ ಅವರ ಸಹೋದರ ಜೋಸೆಫ್ ಕೌಲ್ಟರ್ ಜೊತೆಗಿದ್ದರು.

ಕೌಲ್ಟರ್ ತತ್ತ್ವ ಸರಳವಾದುದು. ಉಪ್ಪಿನ ದ್ರಾವಣದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ರಕ್ತಕಣದ ಮೂಲಕ ಹರಿಯುವುದಿಲ್ಲ. ದ್ರಾವಣದಲ್ಲಿ ತೆಳುಗೊಳಿಸಿದ ರಕ್ತವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ಕಿರಿದಾದ ರಂಧ್ರದ ಮೂಲಕ ಹೀರಲಾಗುತ್ತದೆ ಮತ್ತು ರಂಧ್ರದ ಎರಡೂ ಬದಿಗಳ ನಡುವೆ ವಿದ್ಯುತ್ ಹರಿಸಲಾಗುತ್ತದೆ. ಒಂದು ಕಣವು ರಂಧ್ರವನ್ನು ದಾಟುವ ಕ್ಷಣದಲ್ಲಿ ವಿದ್ಯುತ್ತಿಗೆ ಅಡ್ಡಿಯುಂಟಾಗಿ ಒಂದು ಮಿಡಿತ ದಾಖಲಾಗುತ್ತದೆ. ಮಿಡಿತಗಳ ಸಂಖ್ಯೆಯು ಕಣಗಳ ಸಂಖ್ಯೆಯನ್ನೂ, ಪ್ರತಿ ಮಿಡಿತದ ಎತ್ತರವು ಆ ಕಣದ ಗಾತ್ರವನ್ನೂ ಸೂಚಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಸಾವಿರಾರು ಕಣಗಳನ್ನು ಹೀಗೆ ಎಣಿಸಬಹುದು. ಎರಡು ಕಣಗಳು ಒಟ್ಟಿಗೆ ರಂಧ್ರವನ್ನು ದಾಟಿದರೆ ಅವು ಒಂದೇ ಎಂದು ದಾಖಲಾಗುತ್ತವೆ. ಆದುದರಿಂದ ರಕ್ತವನ್ನು ಸಾಕಷ್ಟು ತೆಳುಗೊಳಿಸುವುದು ಮತ್ತು ಲೆಕ್ಕದಲ್ಲಿ ತಿದ್ದುಪಡಿ ಮಾಡುವುದು ಅಗತ್ಯವಾಗುತ್ತದೆ.

ಯಂತ್ರವು ಕೆಂಪು ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳನ್ನು ಮುಖ್ಯವಾಗಿ ಗಾತ್ರದಿಂದ ಬೇರ್ಪಡಿಸುತ್ತದೆ. ಸಾಮಾನ್ಯ ಕೆಂಪು ರಕ್ತಕಣದ ಗಾತ್ರ 80ರಿಂದ 100 ಫೆಮ್ಟೋಲೀಟರ್ ಇದ್ದರೆ, ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ ಸುಮಾರು 10 ಫೆಮ್ಟೋಲೀಟರ್ ಮಾತ್ರ. ಯಂತ್ರವು ತಿಳಿಯುವುದು ಮಿಡಿತವನ್ನು ಮಾತ್ರ; ಆ ಮಿಡಿತವು ಪ್ಲೇಟ್‌ಲೆಟ್‌ನದೇ ಎಂಬುದು ಗಾತ್ರದ ಆಧಾರದ ಮೇಲೆ ಮಾಡಿದ ಅನುಮಾನ. ಈ ಅಂಶವನ್ನು ನೆನಪಿನಲ್ಲಿಡುವುದು ಮುಖ್ಯ.

ರಾಸಾಯನಿಕ ಪರೀಕ್ಷೆಗಳ ಯಾಂತ್ರೀಕರಣ

ಸಕ್ಕರೆ, ಯೂರಿಯಾ ಮುಂತಾದ ಅಂಶಗಳ ಪರೀಕ್ಷೆಯಲ್ಲಿ ಎಣಿಕೆಯ ಬದಲು ಬಣ್ಣದ ಗಾಢತೆಯನ್ನು ಅಳೆಯಲಾಗುತ್ತದೆ. ರಕ್ತಸಾರಕ್ಕೆ ಸೂಕ್ತ ರಾಸಾಯನಿಕವನ್ನು ಬೆರೆಸಿದಾಗ ಬಣ್ಣ ಬದಲಾಗುತ್ತದೆ. ದ್ರಾವಣದ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತು ಎಂಬುದರಿಂದ ಆ ಅಂಶದ ಪ್ರಮಾಣವನ್ನು ತಿಳಿಯಲಾಗುತ್ತದೆ. ಹಿಂದೆ ಪ್ರತಿ ಮಾದರಿಗೂ ಪ್ರತ್ಯೇಕ ಪ್ರನಾಳದಲ್ಲಿ ಅಳೆದು, ಬೆರೆಸಿ, ಬಿಸಿಮಾಡಿ, ಬಣ್ಣ ನೋಡಬೇಕಾಗಿತ್ತು.

ಅಮೆರಿಕದ ಕ್ಲೀವ್‌ಲೆಂಡ್ ನಗರದ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದ ಲಿಯೊನಾರ್ಡ್ ಸ್ಕೆಗ್ಸ್ (1918–2002) ಈ ಕೆಲಸವನ್ನು ಒಂದೇ ಕೊಳವೆಯೊಳಗೆ ಹರಿಯುವಂತೆ ಮಾಡಿದರು. ಅವರ ವಿಧಾನದಲ್ಲಿ ಒಂದು ಪಂಪು ಮಾದರಿ ಮತ್ತು ರಾಸಾಯನಿಕಗಳನ್ನು ನಿಗದಿತ ಪ್ರಮಾಣದಲ್ಲಿ ಹೀರುತ್ತದೆ. ತೆಳುಪೊರೆಯು ಪ್ರೋಟೀನನ್ನು ಬೇರ್ಪಡಿಸುತ್ತದೆ. ಸುರುಳಿ ಕೊಳವೆಯಲ್ಲಿ ಅವು ಬೆರೆತು ಬಿಸಿಯಾಗುತ್ತವೆ. ಕೊನೆಯಲ್ಲಿ ಬಣ್ಣದ ಅಳತೆಯು ಕಾಗದದ ಮೇಲೆ ಗೆರೆಯಾಗಿ ದಾಖಲಾಗುತ್ತದೆ. ಒಬ್ಬ ರೋಗಿಯ ಮಾದರಿಯು ಮತ್ತೊಬ್ಬರ ಮಾದರಿಯೊಂದಿಗೆ ಬೆರೆಯದಂತೆ ತಡೆಯಲು ದ್ರವದ ನಡುನಡುವೆ ಗಾಳಿಗುಳ್ಳೆಗಳನ್ನು ಸೇರಿಸಿದ್ದು ಈ ಆವಿಷ್ಕಾರದ ವಿಶೇಷ. ಗುಳ್ಳೆಗಳು ದ್ರವವನ್ನು ಚಿಕ್ಕ ಭಾಗಗಳಾಗಿ ಬೇರ್ಪಡಿಸುವುದರ ಜೊತೆಗೆ ಕೊಳವೆಯ ಒಳಗೋಡೆಯನ್ನೂ ಸ್ವಚ್ಛಗೊಳಿಸುತ್ತವೆ. ಟೆಕ್ನಿಕಾನ್ ಸಂಸ್ಥೆಯು 1957ರಲ್ಲಿ ಈ ಯಂತ್ರವನ್ನು ಆಟೋಅನಲೈಸರ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 1960ರ ದಶಕದಲ್ಲಿ ಬಂದ ಅದರ ಮುಂದಿನ ರೂಪವು ಗಂಟೆಗೆ 60 ಮಾದರಿಗಳಲ್ಲಿ ತಲಾ 12 ಪರೀಕ್ಷೆಗಳನ್ನು ನಡೆಸುವ ಸಾಮರ್ಥ್ಯ ಪಡೆದಿತ್ತು. ಇಂದಿನ ಯಂತ್ರಗಳು ಹೆಚ್ಚಾಗಿ ಪ್ರತಿ ಪರೀಕ್ಷೆಯನ್ನೂ ಪ್ರತ್ಯೇಕ ಕಿರುಪಾತ್ರೆಯಲ್ಲಿ ನಡೆಸುತ್ತವೆ. ಆದರೂ ಬಣ್ಣವನ್ನು ಬೆಳಕಿನಿಂದ ಅಳೆಯುವ ಮೂಲ ತತ್ತ್ವ ಬದಲಾಗಿಲ್ಲ.

ಸಣ್ಣ ಕೇಂದ್ರಗಳಿಗೆ ತಲುಪಿದ ಯಂತ್ರ

ದೊಡ್ಡ ಯಂತ್ರಗಳಿಗೆ ನಿರಂತರ ವಿದ್ಯುತ್ ಮತ್ತು ಹವಾನಿಯಂತ್ರಿತ ಕೊಠಡಿ ಬೇಕಾಗುತ್ತವೆ. ಈ ಕೊರತೆಯನ್ನು ನೀಗಿಸುವ ದಿಕ್ಕಿನಲ್ಲಿ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ, ಗೋವಾದ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಉಲ್ಲೇಖನೀಯ. ಬ್ಯಾಟರಿಯಿಂದ ನಡೆಯುವ ಈ ಚಿಕ್ಕ ಯಂತ್ರವು ಕಫದ ಮಾದರಿಯಲ್ಲಿ ಕ್ಷಯರೋಗದ ಜೀವಾಣುವಿನ ಆನುವಂಶಿಕ ದ್ರವ್ಯವನ್ನು ಗುರುತಿಸುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಷಯ ಪತ್ತೆಗೆ ಇದರ ಬಳಕೆಯನ್ನು ಶಿಫಾರಸು ಮಾಡಿತು. ಆದರೆ ಇಲ್ಲಿಯೂ ಮಾದರಿಯೇ ಮುಖ್ಯ. ಎದೆಯಾಳದಿಂದ ಕೆಮ್ಮಿ ತೆಗೆದ ಕಫಕ್ಕೆ ಬದಲಾಗಿ ಬಾಯಿಯ ಎಂಜಲನ್ನು ನೀಡಿದಲ್ಲಿ, ರೋಗವಿದ್ದರೂ ಯಂತ್ರಕ್ಕೆ ಅದು ಕಾಣದೇ ಹೋಗಬಹುದು.

ಯಂತ್ರದ ಸಂಖ್ಯೆ ತಪ್ಪಾಗುವ ಸಂದರ್ಭಗಳು

ಯಂತ್ರವು ತನಗೆ ನೀಡಿದ ಮಾದರಿಯನ್ನು ಮಾತ್ರ ಪರೀಕ್ಷಿಸುತ್ತದೆ. ಮಾದರಿಯಲ್ಲಿ ದೋಷವಿದ್ದರೆ ಫಲಿತಾಂಶವೂ ದೋಷಪೂರ್ಣವಾಗುತ್ತದೆ. ಮುಖ್ಯವಾದ ಸಂದರ್ಭಗಳು ಈ ಕೆಳಕಂಡಂತಿವೆ:

1. ಪ್ಲೇಟ್‌ಲೆಟ್‌ಗಳು ಗುಂಪುಗೂಡುವುದು: ರಕ್ತವು ಹೆಪ್ಪುಗಟ್ಟದಂತೆ ನೇರಳೆ ಮುಚ್ಚಳದ ಕೊಳವೆಯಲ್ಲಿ ಇಡಿಟಿಎ ಎಂಬ ರಾಸಾಯನಿಕವನ್ನು ಇಟ್ಟಿರಲಾಗುತ್ತದೆ. ಕೆಲವು ವ್ಯಕ್ತಿಗಳ ರಕ್ತದಲ್ಲಿ ಈ ರಾಸಾಯನಿಕದ ಸಂಪರ್ಕದಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂತಹ ಗುಂಪು ಪ್ಲೇಟ್‌ಲೆಟ್‌ನ ಗಾತ್ರವನ್ನು ಮೀರುವುದರಿಂದ ಯಂತ್ರವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವರದಿಯಲ್ಲಿ ಸಂಖ್ಯೆ ಬಹಳ ಕಡಿಮೆ ಎಂದು ಕಂಡರೂ ದೇಹದೊಳಗೆ ಪ್ಲೇಟ್‌ಲೆಟ್‌ಗಳು ಸಾಕಷ್ಟಿರುತ್ತವೆ. ರಕ್ತ ತೆಗೆಯುವಾಗ ಕಷ್ಟವಾಗಿ, ಕೊಳವೆಯಲ್ಲಿ ಭಾಗಶಃ ಹೆಪ್ಪುಗಟ್ಟಿದಲ್ಲಿಯೂ ಹೀಗಾಗುತ್ತದೆ.

2. ಅತಿ ಚಿಕ್ಕ ಕೆಂಪು ಕಣಗಳು: ತೀವ್ರ ಕಬ್ಬಿಣಾಂಶದ ಕೊರತೆ ಮುಂತಾದ ಸ್ಥಿತಿಗಳಲ್ಲಿ ಕೆಂಪು ಕಣಗಳು ಅಥವಾ ಅವುಗಳ ಚೂರುಗಳು ಪ್ಲೇಟ್‌ಲೆಟ್‌ಗಳೆಂದು ಎಣಿಕೆಯಾಗಿ ಸಂಖ್ಯೆ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು.

3. ಕಣಗಳು ಒಡೆಯುವುದು: ರಕ್ತಕಣಗಳ ಒಳಗೆ ಪೊಟ್ಯಾಸಿಯಂ ಅಧಿಕವಾಗಿರುತ್ತದೆ. ಮಾದರಿಯನ್ನು ಒರಟಾಗಿ ತೆಗೆದಾಗ ಅಥವಾ ಜೋರಾಗಿ ಕುಲುಕಿದಾಗ ಕಣಗಳು ಒಡೆದು ಪೊಟ್ಯಾಸಿಯಂ ಪ್ರಮಾಣ ತಪ್ಪಾಗಿ ಏರುತ್ತದೆ.

4. ವಿಳಂಬ: ಸೂಕ್ತ ಕೊಳವೆಯಲ್ಲಿ ಸಂಗ್ರಹಿಸದೆ ಇಟ್ಟ ರಕ್ತದಲ್ಲಿ ಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇಕಡ 5ರಿಂದ 7ರಷ್ಟು ಸಕ್ಕರೆ ಕಡಿಮೆಯಾಗುತ್ತದೆ.

5. ಗ್ಲೂಕೋಸ್ ಹನಿ ಹಾಕಿರುವ ಕೈಯಿಂದ ರಕ್ತ ತೆಗೆಯುವುದು: ಇದರಿಂದ ರಕ್ತ ತೆಳುವಾಗಿ ಕಣಗಳ ಸಂಖ್ಯೆ ಇಳಿಯುತ್ತದೆ, ಸಕ್ಕರೆ ಮಾತ್ರ ಏರುತ್ತದೆ.

6. ಹೆಸರಿನ ಅದಲುಬದಲು: ಯಾವ ಯಂತ್ರವೂ ಈ ತಪ್ಪನ್ನು ತಾನಾಗಿ ಸರಿಪಡಿಸಲಾರದು.

ಪರಿಶೀಲನೆಯ ಕ್ರಮ

ಅನುಮಾನಾಸ್ಪದ ಮಾದರಿಗಳಿಗೆ ಇಂದಿನ ಯಂತ್ರಗಳು ಎಚ್ಚರಿಕೆಯ ಸೂಚನೆಯನ್ನು ನೀಡುತ್ತವೆ. ಅಂತಹ ಸಂದರ್ಭದಲ್ಲಿ ಗಾಜಿನ ಪಟ್ಟಿಯ ಮೇಲೆ ರಕ್ತದ ತೆಳು ಲೇಪವನ್ನು ಮಾಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪ್ಲೇಟ್‌ಲೆಟ್‌ಗಳು ಗುಂಪುಗೂಡಿದ್ದಲ್ಲಿ ಅದು ಸಾಮಾನ್ಯವಾಗಿ ಸ್ಪಷ್ಟವಾಗಿ ಕಾಣುತ್ತದೆ. ಆಗ ಹೊಸ ಮಾದರಿಯನ್ನು ಸಿಟ್ರೇಟ್ ಇರುವ ಕೊಳವೆಯಲ್ಲಿ ತೆಗೆದು ಮತ್ತೆ ಎಣಿಸಲಾಗುತ್ತದೆ. ಆ ಕೊಳವೆಯಲ್ಲಿರುವ ದ್ರವದಿಂದ ರಕ್ತ ತೆಳುವಾಗುವ ಕಾರಣ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಲಾಗುತ್ತದೆ. ಇದಲ್ಲದೆ, ಮೊದಲೇ ಪ್ರಮಾಣ ತಿಳಿದಿರುವ ದ್ರಾವಣವನ್ನು ಯಂತ್ರಕ್ಕೆ ನಿತ್ಯವೂ ನೀಡಿ, ಬಂದ ಉತ್ತರವನ್ನು ನಕ್ಷೆಯಲ್ಲಿ ಗುರುತಿಸುವ ಕ್ರಮವಿದೆ. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಎಂಬುವರು ವೈದ್ಯಕೀಯ ಪ್ರಯೋಗಾಲಯಗಳಿಗೆ ಅಳವಡಿಸಿದ ಈ ನಕ್ಷೆಯು ಯಂತ್ರವು ದಾರಿ ತಪ್ಪುತ್ತಿರುವುದನ್ನು ಬೇಗನೆ ತೋರಿಸಿಕೊಡುತ್ತದೆ.

ಸಾರ್ವಜನಿಕರ ಗಮನಕ್ಕೆ

ಪ್ಲೇಟ್‌ಲೆಟ್‌ಗಳ ಸಾಮಾನ್ಯ ಸಂಖ್ಯೆ ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ. ಡೆಂಗೀ ಜ್ವರದಲ್ಲಿ ಈ ಸಂಖ್ಯೆ ನಿಜವಾಗಿಯೂ ಇಳಿಯುತ್ತದೆ. ಆದುದರಿಂದ ಕಡಿಮೆ ಸಂಖ್ಯೆಯನ್ನು ಯಂತ್ರದ ದೋಷವೆಂದು ತಾವಾಗಿಯೇ ತೀರ್ಮಾನಿಸಬಾರದು. ಅದೇ ರೀತಿ, ರಕ್ತಸ್ರಾವವಿಲ್ಲದಿರುವಾಗ ಸಂಖ್ಯೆಯೊಂದನ್ನೇ ನೋಡಿ ಪ್ಲೇಟ್‌ಲೆಟ್ ನೀಡುವಂತೆ ಒತ್ತಾಯಿಸುವುದೂ ಸರಿಯಲ್ಲ. ವೈದ್ಯರು ರೋಗಿಯ ರಕ್ತದೊತ್ತಡ, ರಕ್ತದ ಗಾಢತೆ ಮತ್ತು ಲಕ್ಷಣಗಳನ್ನು ಒಟ್ಟಾಗಿ ಪರಿಗಣಿಸಿ ನಿರ್ಧರಿಸುತ್ತಾರೆ. ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಸೂಕ್ತ:

• ರಕ್ತ ತೆಗೆದ ಕೂಡಲೇ ತಮ್ಮ ಎದುರಿನಲ್ಲಿಯೇ ಕೊಳವೆಯ ಮೇಲೆ ಹೆಸರು ಬರೆದಿರುವುದನ್ನು ಖಚಿತಪಡಿಸಿಕೊಳ್ಳುವುದು.
• ಹಿಂದಿನ ಎಲ್ಲಾ ವರದಿಗಳನ್ನು ವೈದ್ಯರಿಗೆ ತೋರಿಸುವುದು. ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಹೋಲಿಕೆ ಸುಲಭವಾಗುತ್ತದೆ.
• ರೋಗಿಯ ಸ್ಥಿತಿಗೆ ಹೊಂದದ ಸಂಖ್ಯೆ ಬಂದಾಗ, ರಕ್ತಲೇಪದ ಪರಿಶೀಲನೆ ಆಗಿದೆಯೇ ಎಂದು ವೈದ್ಯರನ್ನು ವಿಚಾರಿಸುವುದು.
• ಹೊಟ್ಟೆಯಲ್ಲಿ ತೀವ್ರ ನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತಸ್ರಾವ, ಅತಿಯಾದ ಸುಸ್ತು ಕಂಡುಬಂದಲ್ಲಿ, ವರದಿಯಲ್ಲಿ ಯಾವ ಸಂಖ್ಯೆಯೇ ಇರಲಿ, ತಡಮಾಡದೆ ಆಸ್ಪತ್ರೆಗೆ ತೆರಳುವುದು. ಜ್ವರ ಇಳಿದ ನಂತರದ ಒಂದೆರಡು ದಿನಗಳಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ.

ಯಂತ್ರಗಳು ತಂತ್ರಜ್ಞರ ಶ್ರಮವನ್ನು ಕಡಿಮೆ ಮಾಡಿ, ಅಸಂಖ್ಯಾತ ರೋಗಿಗಳಿಗೆ ಶೀಘ್ರ ಫಲಿತಾಂಶವನ್ನು ದೊರಕಿಸಿಕೊಟ್ಟಿವೆ. ಸರಿಯಾಗಿ ತೆಗೆದ ಮಾದರಿ, ಸಂದೇಹ ಬಂದಾಗ ಮತ್ತೊಮ್ಮೆ ನೋಡುವ ತಂತ್ರಜ್ಞ ಹಾಗೂ ರೋಗಿಯನ್ನು ಕಣ್ಣಾರೆ ಪರೀಕ್ಷಿಸುವ ವೈದ್ಯರು ಇದ್ದಲ್ಲಿ ಮಾತ್ರ ಆ ಫಲಿತಾಂಶವು ಚಿಕಿತ್ಸೆಗೆ ಆಧಾರವಾಗಬಲ್ಲದು.