ಗುಂಡಿನ ಬಲ, ಪೊಲೀಸಿನ ಕೆಲಸ

ಖಜಾನೆಯ ಬಾಗಿಲಲ್ಲಿ, ಮತಪೆಟ್ಟಿಗೆಯ ಕಾವಲಿನಲ್ಲಿ, ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವ ಪೇದೆಯ ಹೆಗಲ ಮೇಲೆ ದಶಕಗಟ್ಟಲೆ ಕಂಡ ಬಂದೂಕು ‘ತ್ರೀ ನಾಟ್ ತ್ರೀ’. ನಳಿಗೆಯ ಒಳವ್ಯಾಸ 0.303 ಇಂಚು, ಅಂದರೆ 7.7 ಮಿ.ಮೀ. 1895ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಲೀ-ಎನ್‌ಫೀಲ್ಡ್ ರೈಫಲ್ ಇದರ ಮೂಲ. ಮುಂದೆ ಬಂಗಾಳದ ಇಛಾಪುರ ಕಾರ್ಖಾನೆಯಲ್ಲೂ ತಯಾರಾಯಿತು. ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನ ‘ಪೊಲೀಸ್ ಕಾರ್ಯಾಚರಣೆ’ಯಿಂದ. ಹೆಸರು ಪೊಲೀಸರದಾದರೂ ಅದನ್ನು ನಡೆಸಿದ್ದು ಸೇನೆ, ಆಗ ಸೈನಿಕರ ಕೈಲಿದ್ದದ್ದೂ ಇದೇ ರೈಫಲ್. ಯುದ್ಧಕ್ಕೆಂದು ಮಾಡಿದ ಆಯುಧ ಓಣಿಯ ಬಂದೋಬಸ್ತಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ಭೌತವಿಜ್ಞಾನ ಲೆಕ್ಕ ಹಾಕಿ ಹೇಳುತ್ತದೆ.

ಕುದುರೆ ಎಳೆದಾಗ ತೋಟಾದೊಳಗಿನ ಮದ್ದು ಕ್ಷಣಾರ್ಧದಲ್ಲಿ ಉರಿದು ಬಿಸಿ ಅನಿಲವಾಗುತ್ತದೆ. ಅದರ ಒತ್ತಡಕ್ಕೆ 11.3 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು ಪ್ರತಿ 10 ಇಂಚಿಗೆ ಅದನ್ನು ಒಂದು ಸುತ್ತು ತಿರುಗಿಸುತ್ತವೆ. ಹೀಗಾಗಿ ಗುಂಡು ಸೆಕೆಂಡಿಗೆ 2,900 ಸುತ್ತು ತಿರುಗುತ್ತಾ, ಬುಗುರಿಯಂತೆ ತನ್ನ ಅಕ್ಷ ಬಿಡದೆ ಸಾಗುತ್ತದೆ. ಅದರ ಚಲನಶಕ್ತಿ ಸುಮಾರು 3,100 ಜೂಲ್. ಆ ಕಾಲದ ಅಧಿಕಾರಿಗಳ ಸೊಂಟದಲ್ಲಿರುತ್ತಿದ್ದ .38 ವೆಬ್ಲಿ ರಿವಾಲ್ವರಿನದು ಸುಮಾರು 235 ಜೂಲ್, ಅಂದರೆ ಹದಿಮೂರನೇ ಒಂದು ಪಾಲು.

ಇಷ್ಟು ಶಕ್ತಿಯ ಗುಂಡು ಒಬ್ಬನ ದೇಹದಲ್ಲಿ ನಿಲ್ಲುವುದಿಲ್ಲ. ಹಾದುಹೋಗಿ ಹಿಂದಿದ್ದವನಿಗೂ ತಗಲಬಹುದು. ಗುರಿ ತಪ್ಪಿದರೆ ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಹುದು. ಫರಸಿ ಹಾಸಿದ ಅಂಗಳ, ಶಹಾಬಾದ ಕಲ್ಲಿನ ಗೋಡೆಗಳಿರುವ ನಮ್ಮ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಗಟ್ಟಿ ಕಲ್ಲಿಗೆ ಓರೆಯಾಗಿ ಬಡಿದ ಗುಂಡು ಹೆಚ್ಚು ಪುಟಿಯದೆ, ಕಲ್ಲಿನ ಮೈಗೆ ಹತ್ತಿಕೊಂಡಂತೆ ಜಾರಿ ಮುಂದಕ್ಕೆ ಚಿಮ್ಮುತ್ತದೆ. ನೆಲಕ್ಕೆ ಹೊಡೆದರೆ ಯಾರಿಗೂ ಏನೂ ಆಗದು ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಬ್ರಿಟಿಷರಿಗೆ ಈ ಅಪಾಯ ಗೊತ್ತಿತ್ತು. ಇಛಾಪುರದಲ್ಲೇ ಹಲವು ಲೀ-ಎನ್‌ಫೀಲ್ಡ್‌ಗಳ ನಳಿಗೆಯನ್ನು ಗೀರಿಲ್ಲದಂತೆ ನುಣುಪಾಗಿ ಕೊರೆದು .410 ಮಸ್ಕೆಟ್ ಮಾಡಿದರು. ಹತ್ತು ತೋಟಾ ಹಿಡಿಯುವ ಮ್ಯಾಗಜಿನ್ನಿಗೆ ಮರದ ತುಂಡು ತುರುಕಿ, ಒಂದೊಂದೇ ತೋಟಾ ಹಾಕುವಂತೆ ಮಾಡಿದರು. ಸುತ್ತುವಿಕೆ ಇಲ್ಲದ ಗುಂಡು ದೂರಕ್ಕೆ ಗುರಿ ಹಿಡಿಯದು, ಚರೆಯಾದರಂತೂ ಬೇಗ ಚದುರಿ ವೇಗ ಕಳೆದುಕೊಳ್ಳುತ್ತದೆ. ಇದರ ಹಿಂದೆ ಜನರ ಮೇಲಿನ ಕಾಳಜಿ ಒಂದೇ ಇರಲಿಲ್ಲ. 1857ರ ಸಿಪಾಯಿ ದಂಗೆಯ ನಂತರ ದೇಶೀಯರ ಕೈಗೆ ಒಳ್ಳೆಯ ಆಯುಧ ಕೊಡಲು ಅವರಿಗೆ ಅಂಜಿಕೆಯಿತ್ತು. ಉದ್ದೇಶ ಏನೇ ಇರಲಿ, ತಾಂತ್ರಿಕವಾಗಿ ಅದು ಕಾವಲಿನ ಕೆಲಸಕ್ಕೆ ಹೆಚ್ಚು ಒಪ್ಪುವ ಬಂದೂಕಾಗಿತ್ತು.

ತ್ರೀ ನಾಟ್ ತ್ರೀಯ ಇನ್ನೊಂದು ಕೊರತೆ 2008ರ ನವೆಂಬರ್ 26ರ ರಾತ್ರಿ ಮುಂಬೈಯ ಸಿಎಸ್‌ಟಿ ರೈಲು ನಿಲ್ದಾಣದ ಮೇಲೆ ಉಗ್ರರು ದಾಳಿ ಮಾಡಿದಾಗ ಬಯಲಾಯಿತು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ದೂಡಬೇಕು. ಪಳಗಿದ ಸೈನಿಕ ನಿಮಿಷಕ್ಕೆ ಹದಿನೈದು ಗುಂಡು ಹಾರಿಸಿಯಾನು. ಎದುರಿಗಿದ್ದ ಎಕೆ ಮಾದರಿಯ ರೈಫಲ್ಲಿನ ಯಂತ್ರಕ್ಕೆ ನಿಮಿಷಕ್ಕೆ ಆರುನೂರರ ವೇಗ. ಗುಂಪಿನೆದುರು ಅತಿಯಾದ ಬಲ, ಉಗ್ರರೆದುರು ಅತಿಯಾದ ನಿಧಾನ: ಪೊಲೀಸರಿಗೆ ಎರಡೂ ಕಡೆ ನಷ್ಟ.

ಜನಸಂದಣಿ ಚದುರಿಸಲು ಉಳಿದದ್ದು ಲಾಠಿ, ಅಶ್ರುವಾಯು. ಲಾಠಿಯ ಬಿದಿರಿನ ನಾರು ಹೊರಮೈ ಕಡೆ ದಟ್ಟ, ಒಳಗೆ ವಿರಳ. ಆದ್ದರಿಂದ ಅದು ಹಗುರಾಗಿದ್ದೂ ಬಾಗುತ್ತದೆ, ಸುಲಭಕ್ಕೆ ಮುರಿಯದು. ಏಟಿನ ಶಕ್ತಿ ಹೊಡೆಯುವವನ ತೋಳಿನ ಹಿಡಿತದಲ್ಲಿರುತ್ತದೆ. ಕಾಲಿಗೆ ಬಿದ್ದರೆ ಬಾಸುಂಡೆ, ತಲೆಗೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಅಶ್ರುವಾಯು ನಿಜಕ್ಕೂ ಅನಿಲವಲ್ಲ. ಕಾರ್ಸನ್ ಮತ್ತು ಸ್ಟೌಟನ್ ಎಂಬ ರಸಾಯನವಿಜ್ಞಾನಿಗಳು 1928ರಲ್ಲಿ ತಯಾರಿಸಿದ, ಅಶ್ರುವಾಯುವಾಗಿ ಬಳಸುವ ‘ಸಿಎಸ್’ ಎಂಬ ರಾಸಾಯನಿಕ ಮಾಮೂಲಿ ಉಷ್ಣತೆಯಲ್ಲಿ ಘನವಸ್ತು. ಅದರ ನವಿರಾದ ಕಣಗಳು ಕಣ್ಣು, ಮೂಗಿನ ನರತುದಿಗಳಲ್ಲಿ ಉರಿಯ ಸಂಕೇತ ಎಬ್ಬಿಸುತ್ತವೆ. ಗಾಳಿ ತಿರುಗಿದರೆ ಹೊಡೆದವರ ಕಣ್ಣಲ್ಲೂ ನೀರು.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ತ್ರೀ ನಾಟ್ ತ್ರೀಗೆ ವಿದಾಯ ಹೇಳಿ, ತಾವೇ ತೋಟಾ ತುಂಬಿಕೊಳ್ಳುವ ಇನ್ಸಾಸ್, ಎಸ್‌ಎಲ್‌ಆರ್ ರೈಫಲ್‌ಗಳನ್ನು ಹಿಡಿದರು. ಆದರೆ ಎಸ್‌ಎಲ್‌ಆರ್ ಗುಂಡಿನ ಶಕ್ತಿ ಸುಮಾರು 3,300 ಜೂಲ್, ಹಳೆಯದಕ್ಕಿಂತ ತುಸು ಹೆಚ್ಚೇ. ನಿಧಾನದ ಕೊರತೆ ನೀಗಿತು, ಬಲದ ಅತಿರೇಕ ಉಳಿಯಿತು. ಗುಂಪು ಚದುರಿಸುವಾಗ ಆದಷ್ಟು ಕಡಿಮೆ ಬಲ ಬಳಸಬೇಕೆಂಬ ತತ್ತ್ವ ಪಾಲನೆಯಾಗಬೇಕಾದರೆ ಬಂದೂಕು ಬದಲಿಸಿದರೆ ಸಾಲದು. ಯಾವ ಕೆಲಸಕ್ಕೆ ಎಷ್ಟು ಜೂಲ್ ಬೇಕು ಎಂಬ ಲೆಕ್ಕ ಪೇದೆಯ ತರಬೇತಿಯೊಳಗೆ ಸೇರಬೇಕು.